ಕೀಲಿಕೈ ಗೊಂಚಲಿನ ಪುಟ್ಟ ಮಡಚುವ ಚಾಕುವನ್ನೂ ವಿಮಾನದೊಳಗೆ ಬಿಡುವುದಿಲ್ಲವೇಕೆ?

ಭಾರತದಲ್ಲಿ ಚಾಕು ಎಷ್ಟೇ ಚಿಕ್ಕದಿರಲಿ, ಜೇಬಿನಲ್ಲಾಗಲಿ ಕೈಚೀಲದಲ್ಲಾಗಲಿ ಒಯ್ಯುವಂತಿಲ್ಲ. ಚೆಕ್‌-ಇನ್ ಲಗೇಜಿನಲ್ಲಿ ಹಾಕಿದರೆ ತೊಂದರೆಯಿಲ್ಲ. ಏಕೆಂದರೆ ಹಾರಾಟದ ನಡುವೆ ಕೈಗೆ ಸಿಗುವುದು ಕ್ಯಾಬಿನ್‌ನಲ್ಲಿರುವ ವಸ್ತು, ವಿಮಾನದ ಹೊಟ್ಟೆಯಲ್ಲಿರುವ ಪೆಟ್ಟಿಗೆಯಲ್ಲ. ಹಣ್ಣು ಹೆಚ್ಚಲು ತಂದದ್ದೆಂದು ವಾದಿಸಿ ಫಲವಿಲ್ಲ, ಎಕ್ಸ್‌-ರೇ ಪರದೆಯಲ್ಲಿ ಉದ್ದೇಶ ಮೂಡುವುದಿಲ್ಲ.

ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರವರೆಗೆ ನಾಲ್ಕು ಇಂಚಿಗಿಂತ ಚಿಕ್ಕ ಅಲಗಿಗೆ ಅವಕಾಶವಿತ್ತು. 2013ರಲ್ಲಿ ಸುಮಾರು 6 ಸೆಂ.ಮೀ.ವರೆಗಿನದನ್ನು ಮತ್ತೆ ಬಿಡಲು ಹೊರಟಾಗ ಗಗನಸಖಿಯರ ಸಂಘಟನೆಗಳೇ ತಿರುಗಿಬಿದ್ದವು, ಪ್ರಸ್ತಾವವನ್ನು ಕೈಬಿಡಲಾಯಿತು. ಐರೋಪ್ಯ ಒಕ್ಕೂಟದ ನಿಯಮ ಇಂದಿಗೂ 6 ಸೆಂ.ಮೀ. ಮೀರದ ಅಲಗನ್ನು ತಡೆಯುವುದಿಲ್ಲ. ಆದರೆ ಪ್ಯಾರಿಸ್‌ನಲ್ಲಿ ಜೇಬಿನಲ್ಲೇ ದಾಟಿದ ಚಾಕು ಬೆಂಗಳೂರಿನಿಂದ ಮರಳುವಾಗ ತಪಾಸಣೆಯ ಮೇಜಿನ ಮೇಲೇ ಉಳಿಯುತ್ತದೆ.