ಬ್ರೇಸ್ ಪಕ್ಕದ ಬೀಮಲ್ಲಿ ಬೋಲ್ಟ್ ಜಾರಿದ್ರೆ

ನಿಮ್ಮ ಸ್ಟೀಲ್ ಕಟ್ಟಡದಲ್ಲಿ ಬ್ರೇಸ್ (ಗಾಳಿಗೆ ಕಟ್ಟಡ ವಾಲದ ಹಾಗೆ ಹಾಕೋ ಓರೆ ಕಂಬಿ) ಪಕ್ಕದ ಬೀಮಲ್ಲಿ ಬೋಲ್ಟ್ ಸ್ಲಾಟೊಳಗೆ, ಅಂದ್ರೆ ಉದ್ದನೆ ತೂತೊಳಗೆ, ಜಾರಿದೆ ಅಂದ್ರಲ್ಲ, ಬಹುಶಃ ಆ ಶಿಯರ್ ಟ್ಯಾಬನ್ನ (ಬೀಮಿನ ತುದಿ ಹಿಡಿಯೋ ಪ್ಲೇಟ್) ಸ್ಲ್ಯಾಬ್ ಭಾರಕ್ಕೆ ಮಾತ್ರ ಡಿಸೈನ್ ಮಾಡಿದಾರೆ, ಗಾಳಿ ಲೋಡ್ ಬೀಮನ್ನ ಉದ್ದಕ್ಕೆ ಎಳೆಯೋದು ತಳ್ಳೋದು ಲೆಕ್ಕಕ್ಕೇ ಬಂದಿಲ್ಲ. ಮೊದ್ಲು ಕಂಪ್ಯೂಟರ್ ಮಾಡೆಲಲ್ಲಿ ಫ್ಲೋರನ್ನ ರಿಜಿಡ್ ಡಯಾಫ್ರಾಮ್ (ಅಡ್ಡಕ್ಕೆ ಒಂಚೂರೂ ಹಿಗ್ಗದ ಕುಗ್ಗದ ಹಲಗೆ) ಅಂತ ಕೊಟ್ಟಿದೀರಾ ನೋಡಿ, ಕೊಟ್ಟಿದ್ರೆ ಬೀಮಿನ ಆಕ್ಸಿಯಲ್ ಫೋರ್ಸ್ (ಉದ್ದಕ್ಕೆ ಬರೋ ಬಲ) ಸೊನ್ನೆ ಅಂತ್ಲೇ ಬರುತ್ತೆ, ಅದನ್ನ ದಯವಿಟ್ಟು ನಂಬ್ಬೇಡಿ, ಸೆಮಿ ರಿಜಿಡ್ (ಸ್ವಲ್ಪ ಹಿಗ್ಗಿ ಕುಗ್ಗೋ ಥರ) ಮಾಡಿ ಮತ್ತೆ ರನ್ ಮಾಡಿ. ಆಮೇಲೆ ಆ ಫೋರ್ಸನ್ನೂ ಶಿಯರನ್ನೂ (ಭಾರದಿಂದ ಕೆಳಕ್ಕೆ ಬರೋ ಬಲ) ಒಟ್ಟಿಗೆ ಹಾಕಿ ಬೋಲ್ಟ್, ಪ್ಲೇಟ್, ವೆಲ್ಡ್, ಬೀಮ್ ವೆಬ್ (ಬೀಮಿನ ನಡುವಿನ ನಿಂತ ಪಟ್ಟಿ) ಹರಿಯೋದು ಎಲ್ಲಾ ಚೆಕ್ ಮಾಡಿ. ಹೊಸ ಪ್ಲೇಟ್ ಹಾಕೋದಾದ್ರೆ ಸ್ಲಾಟ್ ಬಿಟ್ಟು ಗುಂಡು ತೂತು, ಇಲ್ಲಾ ಸ್ಲಿಪ್ ಕ್ರಿಟಿಕಲ್ ಬೋಲ್ಟ್ (ಬಿಗಿದ ಘರ್ಷಣೆಯಿಂದ್ಲೇ ಜಾರದ ಹಾಗೆ ಹಿಡಿಯೋದು), ಆಗ ಪ್ಲೇಟ್ ಕೂರೋ ಜಾಗದ ಮಾಮೂಲಿ ಪೇಂಟ್ ಪೂರ್ತಿ ತೆಗೀಬೇಕು. ಪ್ಲೇಟ್ ದಪ್ಪ ಎಷ್ಟು ಅಂತ ಡ್ರಾಯಿಂಗ್ ನೋಡ್ದೆ ಹೇಳಕ್ಕಾಗಲ್ಲ, ಫೋರ್ಸ್ ಎಷ್ಟು ಅಂತ ಬಂದ್ಮೇಲೆ ಲೆಕ್ಕ ಹಾಕಿ.