ಇವನು ಕೆಲಸದಿಂದ ಬರುವುದು ಎಷ್ಟು ಹೊತ್ತಿಗೆ?

ಮಕ್ಕಳು ಮನೆಯಲ್ಲೇ ಕೂತು ಕಂಪನಿ ಕೆಲಸ ಮಾಡುವ ಮನೆಯವರು ಮನಸ್ಸಿನ ತೊಂದರೆ ಹೇಳಿಕೊಂಡು, ಸಲಹೆ ಕೇಳಲು ನನ್ನ ಬಳಿ ಮತ್ತೆ ಮತ್ತೆ ಬರುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೆಲಸ ಬೆಂಗಳೂರಿನ ಕಂಪನಿಯದ್ದು, ಕೂರುವುದು ಊರಿನ ಮನೆಯಲ್ಲಿ. ಕುಡಿತ ಇಲ್ಲ, ಸಾಲ ಇಲ್ಲ, ದೊಡ್ಡ ಜಗಳವೂ ಇಲ್ಲ. ಆದರೂ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ಗುರುತು ಸಿಗದ ಹಾಗೆ ಹೆಸರು, ವಿವರಗಳನ್ನು ಬದಲಿಸಿದ್ದೇನೆ.

ಪ್ರಶಾಂತನಿಗೆ ಮೂವತ್ತರ ಆಸುಪಾಸು. ಹೆಬ್ರಿ ಕಡೆಯ ಹಳ್ಳಿ, ಅಡಿಕೆ ತೋಟ. 2020ರ ಮಾರ್ಚ್‌ನ ಲಾಕ್‌ಡೌನ್‌ಗೆ ಊರಿಗೆ ಬಂದವನು, ಅಮ್ಮನಿಗೆ ಹುಷಾರಿಲ್ಲ ಎಂದು ಕಂಪನಿಯವರನ್ನು ಒಪ್ಪಿಸಿ ಇಲ್ಲೇ ಉಳಿದ. ಮೊದಮೊದಲು ಸಿಗ್ನಲ್‌ಗೆ ಗುಡ್ಡ ಹತ್ತುತ್ತಿದ್ದ. ಆಮೇಲೆ ಮನೆಗೇ ಫೈಬರ್ ಬಂತು, ಇನ್ವರ್ಟರ್ ಹಾಕಿಸಿದ. ನನ್ನಲ್ಲಿಗೆ ಬಂದದ್ದು ನಿದ್ದೆ ಬರುವುದಿಲ್ಲ ಎಂದು.

ಅಪ್ಪ ಮಾತು ಬಿಟ್ಟ ವಿಷಯ ಆಮೇಲೆ ಹೊರಬಿತ್ತು. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು ಬಿಡಬೇಕು. ಎರಡನೇ ಸಲದ್ದು ಕಷ್ಟ. ಮಳೆ ನಿಂತ ಹೊತ್ತು ನೋಡಿಯೇ ಮಾಡಬೇಕು. ಆ ದಿನ ಜನ ಬಂದಿದ್ದರು, ಮಳೆ ಬಿಟ್ಟಿತ್ತು, ಪೈಪ್ ಹಿಡಿಯಲು ಒಬ್ಬರು ಕಡಿಮೆ. ಅಪ್ಪ ಬಾಗಿಲಲ್ಲಿ ನಿಂತು ಕರೆದರು. ಮೀಟಿಂಗ್‌ನಲ್ಲಿದ್ದ ಮಗ ತಿರುಗಿ ನೋಡದೆ ಕೈ ಎತ್ತಿ ತಡೆದ. ಅಷ್ಟೇ ಆದದ್ದು.

ಮುಂದಿನ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಪ್ರಶಾಂತ ಎಲ್ಲವನ್ನೂ ಬಿಡಿಸಿ ಹೇಳಿದ. ಅವನ ಕಂಪನಿಯ ಗಿರಾಕಿಗಳು ಅಮೆರಿಕದವರು. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 9 ಗಂಟೆ ಎಂದರೆ ನಮಗೆ ಸಂಜೆ 6:30, ಅಲ್ಲಿ ಚಳಿಗಾಲವಾದರೆ 7:30. ಹಗಲು ಬೆಂಗಳೂರಿನವರ ಮೆಸೇಜು, ದೀಪ ಹಚ್ಚುವ ಹೊತ್ತಿಗೆ ಅಮೆರಿಕದವರ ಕರೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಎಲ್ಲ ಸರಿ ಮೇಡಂ. ಇವನು ಕೆಲಸದಿಂದ ಬರುವುದು ಎಷ್ಟು ಹೊತ್ತಿಗೆ? ಅದೊಂದು ಹೇಳಲಿ."

"ಅಪ್ಪಯ್ಯ, ನಾನು ಮನೆಯಲ್ಲೇ ಇದ್ದೇನಲ್ಲ!"

"ಬೆಂಗಳೂರಲ್ಲಿದ್ದಾಗ ರೂಮಿಗೆ ಬಂದೆ ಅಂತ ರಾತ್ರಿ ಫೋನ್ ಮಾಡ್ತಿದ್ದೆ ಮಗಾ. ಅಮ್ಮನ ಹತ್ರ, ನನ್ನ ಹತ್ರ ಮಾತಾಡ್ತಿದ್ದೆ. ಈಗ ನೀನು ಬಂದದ್ದೇ ನಮಗೆ ಗೊತ್ತಾಗುವುದಿಲ್ಲ."

ಪ್ರಶಾಂತ ಏನೋ ಹೇಳಲು ಹೊರಟು ನಿಲ್ಲಿಸಿದ. ಸ್ವಲ್ಪ ಹೊತ್ತು ಬಿಟ್ಟು, "ನನಗೂ ಗೊತ್ತಾಗುವುದಿಲ್ಲ ಮೇಡಂ" ಎಂದ. ರಾತ್ರಿ ಮಲಗಿದ ಮೇಲೂ ಲ್ಯಾಪ್‌ಟಾಪಿನ ಸದ್ದಿಗೆ ಕಿವಿ ಕೊಟ್ಟೇ ಇರುತ್ತೇನೆ ಎಂದೂ ಹೇಳಿದ. ನಿದ್ದೆಯ ಕಥೆ ಅಲ್ಲಿತ್ತು.

ನಾನು ಕೊಟ್ಟ ಸಲಹೆ: ಮನೆಯಲ್ಲಿ ಕೆಲಸ ಮಾಡಬೇಡ. ಪೇಟೆಯಲ್ಲಿ ಒಂದು ಕೋಣೆ ಹಿಡಿ. ಬುತ್ತಿ ಕಟ್ಟಿಕೊಂಡು ಹೋಗು, ಮುಗಿಸಿ ಬಾ, ಲ್ಯಾಪ್‌ಟಾಪ್ ಅಲ್ಲೇ ಬೀಗ ಹಾಕಿಡು. ಸಂಜೆಯ ಎಲ್ಲ ಕರೆಗಳಿಗೂ ನೀನೇ ಬೇಕಾ ಎಂದು ಮ್ಯಾನೇಜರ್‌ನ ಹತ್ತಿರ ಕೇಳು. ಮದ್ದು ಬಿಡುವ ದಿನ ರಜೆ ಹಾಕು. ಬೇರೆಯವರು ಮದುವೆಗೆ ರಜೆ ಹಾಕುವುದಿಲ್ಲವಾ?

ಇದಕ್ಕೆ ಆಕ್ಷೇಪ ಬಂತು. ಅಪ್ಪ ಅಮ್ಮನ ಜೊತೆ ಇರಲು ಬಂದವನನ್ನು ಹೊರಗೆ ಕಳಿಸುವುದಾ, ಸುಮ್ನೆ ಬಾಡಿಗೆ ದಂಡ ಅಲ್ವಾ ಎಂದರು ನೆಂಟರು. ನಾನು ಆ ಸಲಹೆಯನ್ನು ಇವತ್ತೂ ಬದಲಿಸುವುದಿಲ್ಲ. ಒಂದೇ ಸೂರಿನಡಿ ಇಡೀ ದಿನ ಇದ್ದು ಸಿಗದವನಿಗಿಂತ, ಸಂಜೆ ಎರಡು ತಾಸು ಪೂರ್ತಿ ಸಿಗುವವನು ಅಮ್ಮನಿಗೆ ಜಾಸ್ತಿ ಬೇಕು. ಊರವರ ಮಾತೂ ಇದೆ. "ಮಗನಿಗೆ ಕೆಲಸ ಹೋಯ್ತಾ?" ಎಂದು ಕೇಳಿದಾಗಲೆಲ್ಲ ಈ ತಂದೆ ಕುಗ್ಗಿದ್ದರು. ಹೆಣ್ಣು ನೋಡುವ ಮಾತೂ ಅಲ್ಲಿಗೇ ನಿಂತಿತ್ತು. ಮಗ ಬೆಳಿಗ್ಗೆ ಬ್ಯಾಗು ಹಾಕಿ ಹೊರಡುವುದು ಅವರಿಗೆ ಸಣ್ಣ ವಿಷಯ ಅಲ್ಲ.

ಹೀಗೆ ಮನೆಯಿಂದ ಕೆಲಸ ಮಾಡುವ ಸೊಸೆಯಂದಿರ ಸ್ಥಿತಿ ಇನ್ನೂ ಕಷ್ಟ. ಕಿವಿಗೆ ಹೆಡ್‌ಫೋನ್ ಇದ್ದರೂ "ಮನೆಯಲ್ಲೇ ಇದ್ದಾಳಲ್ಲ" ಎಂದು ಅಡುಗೆ, ಮಕ್ಕಳು, ಬಂದ ನೆಂಟರು ಎಲ್ಲ ಅವಳ ಪಾಲಿಗೆ. ಹೊರಗೆ ಕೋಣೆ ಬೇಕು ಎಂದರೆ ಮನೆಯಲ್ಲಿ ಒಪ್ಪುವುದೂ ಇಲ್ಲ. ಅಂಥಲ್ಲಿ ನಾನು ಗಂಡನನ್ನು ಕರೆಸದೆ ಮಾತು ಮುಂದುವರಿಸುವುದಿಲ್ಲ.

ಪಂಚಾಯತ್‌ಗಳಿಗೆ ಫೈಬರ್ ಎಳೆಯುವ ಯೋಜನೆ ಶುರುವಾದದ್ದು 2011ರಲ್ಲಿ. ಈಗ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು. ರಾಜ್ಯ ಸರಕಾರ 'ಬಿಯಾಂಡ್ ಬೆಂಗಳೂರು' ಎಂದು ಮಂಗಳೂರಿಗೂ ಐಟಿ ಕೆಲಸ ತರಲು ನೋಡುತ್ತಿದೆ. ಒಳ್ಳೆಯದೇ. ವಯಸ್ಸಾದವರಿಬ್ಬರೇ ಇದ್ದ ಎಷ್ಟೋ ಮನೆಗಳಿಗೆ ಮಕ್ಕಳು ವಾಪಸು ಬಂದಿದ್ದಾರೆ. ಆದರೆ ತಂತಿ ಬಂದರೆ ಸಾಲದು, ಕೂರಲು ಜಾಗ ಬೇಕು. ಪಂಚಾಯತ್ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅದರ ಪಕ್ಕದಲ್ಲಿ ಮೇಜು, ಕುರ್ಚಿ, ಇನ್ವರ್ಟರ್ ಇರುವ ಒಂದು ಕೋಣೆ, ಹೆಣ್ಣುಮಕ್ಕಳಿಗೆ ಶೌಚಾಲಯ. ಇಷ್ಟನ್ನು ಗ್ರಾಮಸಭೆಯಲ್ಲಿ ಕೇಳಿ. ನಾನು ಸಿಕ್ಕ ಪಂಚಾಯತ್ ಸದಸ್ಯರಿಗೆಲ್ಲ ಹೇಳುತ್ತಲೇ ಇದ್ದೇನೆ.

ನಿದ್ದೆ ಹಾಳಾಗುವವರೆಗೆ ಕಾಯಬೇಡಿ. ಉಡುಪಿಗೋ ಮಂಗಳೂರಿಗೋ ಬರಲು ಆಗದವರು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶಾಂತ ದಿನಸಿ ಅಂಗಡಿಯ ಮೇಲಿನ ಕೋಣೆ ಹಿಡಿದಿದ್ದಾನೆ. ವಾರದಲ್ಲಿ ಕೆಲವು ದಿನ ಸಂಜೆಯ ಕರೆಗಳಿಂದ ಬಿಡುವು ಸಿಕ್ಕಿದೆ, ಉಳಿದ ದಿನ ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಈ ಸಲ ಮದ್ದು ಬಿಡಲು ಎರಡು ಸಲ ಅರ್ಧ ದಿನ ರಜೆ ಹಾಕಿದ. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ, ತಿಂಗಳಿಗೊಮ್ಮೆ ಬರುತ್ತಿದ್ದಾನೆ.