ಐಎನ್‌ಎಸ್ ಮೈಸೂರು ನಕ್ಷೆ: 820 ಮಿ.ಮೀ. ಉದ್ದ, ನಾಲ್ಕು ಟರೆಟ್, ಸರಿಯೇ?

ಮೊದಲು ಬ್ರಿಟಿಷರ ‘ನೈಜೀರಿಯಾ’ ಆಗಿದ್ದ ಯುದ್ಧನೌಕೆ ಐಎನ್‌ಎಸ್ ಮೈಸೂರಿನ ಮಾದರಿ ಮಾಡಲು ನಿಮಗೆ ಸಿಕ್ಕ 1:200 ನಕ್ಷೆಯಲ್ಲಿ ಉದ್ದ 820 ಮಿ.ಮೀ., ಟರೆಟ್ (ತೋಪು ಕೂರಿಸಿದ ತಿರುಗುವ ಗೂಡು) ನಾಲ್ಕು ಇವೆ, ಸರಿಯೇ ಎಂದು ಕೇಳಿದ್ದೀರಿ. ಎರಡೂ ತಪ್ಪು. ಉದ್ದ 820 ಮಿ.ಮೀ. ಬರಲು ಬಹುತೇಕ ಕಾರಣ, ನಕ್ಷೆ ಬರೆದವರು ಲಂಬಗಳ ನಡುವಿನ ಉದ್ದವನ್ನೇ (ಮೂತಿ, ಹಿಂಬದಿಗಳ ಚಾಚಿದ ತುದಿ ಬಿಟ್ಟು ಅಳೆಯುವ ಉದ್ದ, 538 ಅಡಿ) ಪೂರ್ತಿ ಉದ್ದವೆಂದು ಹಿಡಿದದ್ದು. ತುದಿಯಿಂದ ತುದಿಗೆ ಹಡಗು 555 ಅಡಿ 6 ಇಂಚು. ಅಂದರೆ ನಕ್ಷೆಯಲ್ಲಿ 846.6 ಮಿ.ಮೀ. ಇರಬೇಕು.

ಮೊದಲು ಅಗಲ ಅಳೆಯಿರಿ. 62 ಅಡಿಗೆ 94.5 ಮಿ.ಮೀ. ಬರಬೇಕು. 91.5ರ ಆಸುಪಾಸು ಬಂದರೆ ಇಡೀ ನಕ್ಷೆ ಕುಗ್ಗಿದೆ. ಹುಬ್ಬಳ್ಳಿಯಲ್ಲಿ ಪ್ಲಾಟರ್ (ದೊಡ್ಡ ಹಾಳೆಯ ಮುದ್ರಣ ಯಂತ್ರ) ಇರುವ ಝೆರಾಕ್ಸ್ ಅಂಗಡಿಯಲ್ಲಿ 103.2%ಗೆ ಹಿಗ್ಗಿಸಿ ತೆಗೆಸಿರಿ, ‘ಫಿಟ್ ಟು ಪೇಜ್’ ಬೇಡವೆಂದು ಮೊದಲೇ ಹೇಳಿರಿ. ಅಗಲ 94.5 ಇದ್ದರೆ ಉದ್ದ ಮಾತ್ರ ಒತ್ತಿಹೋಗಿದೆ. ಆಗ ಆ ನಕ್ಷೆ ಇಟ್ಟುಕೊಂಡು ಹಲಗೆ ಕೊಯ್ಯಬೇಡಿರಿ, ಹಿಗ್ಗಿಸಿದರೂ ಅದು ಸರಿಹೋಗದು.

ನಾಲ್ಕು ಟರೆಟ್ ಇರುವುದು ಬೇರೆಯೇ ತಪ್ಪು, ಮತ್ತು ಇದೇ ದೊಡ್ಡದು. ಅದು 1940ರಲ್ಲಿ ಕಟ್ಟಿ ಮುಗಿದಾಗಿನ ಬ್ರಿಟಿಷ್ ‘ನೈಜೀರಿಯಾ’ ರೂಪ: ನಾಲ್ಕು ಟರೆಟ್, 12 ತೋಪು, ಮೂರು ಕಾಲಿನ ಕೂವೆಕಂಬ. 1957ರಲ್ಲಿ ನಮ್ಮ ನೌಕಾಪಡೆ ಸೇರಿದ ‘ಮೈಸೂರು’ಗೆ ಮೂರೇ ಟರೆಟ್, 9 ತೋಪು, ಜಾಳಿಗೆ ಕೂವೆಕಂಬ. ಹೆಸರು ಬದಲಿಸಿ ಹಳೆ ನಕ್ಷೆಯನ್ನೇ ಅಚ್ಚು ಹಾಕಿದಂತಿದೆ.

ಮುಂದೆ, ನೀವು ಮಾಡುವ ಮಾದರಿ ಯಾವ ವರ್ಷದ್ದೆಂದು ಗೊತ್ತುಮಾಡಿಕೊಂಡು, 1957ರ ನಂತರದ, ದೂರದಿಂದ ನೇರ ಪಕ್ಕಕ್ಕೆ ತೆಗೆದ ಫೋಟೋ ಹುಡುಕಿರಿ. ಫೋಟೋದಡಿಯ ತಾರೀಖು ನಂಬಬೇಡಿರಿ, ಕೂವೆಕಂಬ ನೋಡಿರಿ. ಮೂತಿಯಿಂದ ಪ್ರತಿ ಟರೆಟ್ಟಿನ ದೂರವನ್ನು ಒಟ್ಟು ಉದ್ದದಿಂದ ಭಾಗಿಸಿ ನಕ್ಷೆಯ ಲೆಕ್ಕಕ್ಕೆ ಹೋಲಿಸಿರಿ. ಓರೆ ಫೋಟೋದಲ್ಲಿ ಈ ಲೆಕ್ಕ ಕೂಡುವುದಿಲ್ಲ. ಮೂಲ ನಕ್ಷೆ ಬೇಕಾದರೆ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂಗೆ ಬರೆಯಿರಿ. ‘ಆ್ಯಸ್ ಫಿಟೆಡ್’ (ಹಡಗು ಕಟ್ಟಿ ಮುಗಿದಾಗ ಇದ್ದಂತೆ ಬರೆದ) ನಕ್ಷೆ, ಹೆಸರು ‘ನೈಜೀರಿಯಾ’ ಎಂದೇ ಕೇಳಿರಿ.